ಛಾವಣಿಯ ಬಿಸಿಲಿನ ಲೆಕ್ಕ: ಹೊಸ ಆವೃತ್ತಿಯಲ್ಲಿ ಮತ್ತೆ ಹಾಕುವುದು ಹೇಗೆ?

ಮನೆಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸುವವರಲ್ಲಿ ಹಲವರು ಈಗ ‘ಕಿಲೋವಾಟಿಗೆ ದಿನಕ್ಕೆ ನಾಲ್ಕು ಯೂನಿಟ್’ ಎಂಬ ಬಾಯಿಲೆಕ್ಕವನ್ನಷ್ಟೇ ನಂಬದೆ, ಯುರೋಪಿಯನ್ ಕಮಿಷನ್ನಿನ ಜಂಟಿ ಸಂಶೋಧನಾ ಕೇಂದ್ರವು ಉಚಿತವಾಗಿ ಒದಗಿಸಿರುವ ಪಿವಿಜಿಐಎಸ್ ತಂತ್ರಾಂಶದಲ್ಲಿ ತಾವೇ ಲೆಕ್ಕ ಹಾಕಿ ನೋಡುತ್ತಾರೆ. 2024ರಲ್ಲಿ ಅದರ 5.3ನೇ ಆವೃತ್ತಿ ಬಂದ ಮೇಲೆ, ಹಳೆಯ ಲೆಕ್ಕಕ್ಕೂ ಹೊಸದಕ್ಕೂ ತಾಳೆಯಾಗುತ್ತಿಲ್ಲವೆಂದು ಮುದ್ರಿತ ಹಾಳೆ ಹಿಡಿದು ನನ್ನ ಬಳಿ ಬಂದವರಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ದತ್ತಾಂಶ ಬದಲಾದದ್ದು ಕಾರಣವಾಗಿತ್ತು. ಹೆಚ್ಚಿನವಕ್ಕೆ, ಪ್ಯಾನೆಲ್ ಯಾವ ಕಡೆ ಮುಖ ಮಾಡಿದೆ ಎಂದು ತಿಳಿಸುವ ದಿಕ್ಕಿನ ಚೌಕದಲ್ಲಿ ತುಂಬಿದ್ದ ತಪ್ಪು ಸಂಖ್ಯೆಯೇ ಕಾರಣವಾಗಿತ್ತು.

ಮೊದಲು ನಕ್ಷೆಯನ್ನು ಹಿಗ್ಗಿಸಿ ನಿಮ್ಮ ಛಾವಣಿಯ ಮೇಲೆಯೇ ಗುರುತು ಇಡಿ.

ಎರಡನೆಯದು, ದತ್ತಾಂಶದ ಆಯ್ಕೆ. ಉಪಗ್ರಹ ಚಿತ್ರಗಳಿಂದ ಸಿದ್ಧವಾದ ‘ಸಾರಾ’ ಸರಣಿಯ ಬಿಸಿಲಿನ ದತ್ತಾಂಶ ಹಿಂದಿನ 5.2ನೇ ಆವೃತ್ತಿಯಲ್ಲಿ 2005ರಿಂದ 2020ರವರೆಗಿನದಾಗಿತ್ತು. ಈಗ ‘ಸಾರಾ 3’ ಬಂದು, ಅವಧಿ 2023ರವರೆಗೆ ವಿಸ್ತರಿಸಿದೆ. ಪಟ್ಟಿಯಲ್ಲಿರುವ ಇನ್ನೊಂದಾದ ‘ಇಆರ್‌ಎ5’ ಎಂಬುದು ಹವಾಮಾನ ಮಾದರಿಯನ್ನು ಆಧರಿಸಿದ ದತ್ತಾಂಶ. ಇವೆರಡೂ ನೆಲವನ್ನು ಚೌಕಗಳಾಗಿ ಹಂಚಿ, ಚೌಕಕ್ಕೊಂದರಂತೆ ಬಿಸಿಲಿನ ಅಂಕಿ ಕೊಡುತ್ತವೆ. ಇಆರ್‌ಎ5ರ ಒಂದೊಂದು ಚೌಕ ಸುಮಾರು 28 ಕಿಲೋಮೀಟರ್ ಅಗಲವಿರುತ್ತದೆ. ಸಾರಾ ಚೌಕವಾದರೋ ಸುಮಾರು ಐದೂವರೆ ಕಿಲೋಮೀಟರ್. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಮನೆಯಿದ್ದರೆ, ದೊಡ್ಡ ಚೌಕವು ಘಟ್ಟದ ಮೋಡವನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಬಿಡಬಹುದು. ಆದ್ದರಿಂದ ನಿಮ್ಮ ಸ್ಥಳಕ್ಕೆ ಉಪಗ್ರಹದ ದತ್ತಾಂಶ ಪಟ್ಟಿಯಲ್ಲಿ ಕಾಣಿಸಿದರೆ ಅದನ್ನೇ ಆರಿಸಿ.

ಸಾಮರ್ಥ್ಯದ ಚೌಕದಲ್ಲಿ ಪ್ಯಾನೆಲ್‌ಗಳ ಒಟ್ಟು ಕಿಲೋವಾಟ್ ಬರೆಯಬೇಕೇ ಹೊರತು ಇನ್ವರ್ಟರಿನದ್ದಲ್ಲ. ನಷ್ಟದ ಪ್ರಮಾಣ ಶೇ 14 ಎಂದು ಮೊದಲೇ ತುಂಬಿರುತ್ತದೆ. ಬಿಸಿಲಿಗೆ ಪ್ಯಾನೆಲ್ ಕಾಯುವುದರಿಂದ ಆಗುವ ನಷ್ಟವನ್ನು ತಂತ್ರಾಂಶ ಬೇರೆಯಾಗಿಯೇ ಕಳೆಯುವುದರಿಂದ ಅದನ್ನು ಇಲ್ಲಿ ಮತ್ತೆ ಸೇರಿಸಬೇಡಿ.

ಇನ್ನು ದಿಕ್ಕು. ಇಂಥದೇ ಲೆಕ್ಕ ಹಾಕುವ ಅಮೆರಿಕದ ಪಿವಿವಾಟ್ಸ್ ತಂತ್ರಾಂಶದಲ್ಲಿ ಉತ್ತರವೆಂದರೆ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270. ಪಿವಿಜಿಐಎಸ್‌ನಲ್ಲಿ ದಕ್ಷಿಣವೇ 0, ಪೂರ್ವ ಮೈನಸ್ 90, ಪಶ್ಚಿಮ 90. ಅಲ್ಲಿಯ 180 ಅನ್ನು ಇಲ್ಲಿ ಹಾಗೆಯೇ ತುಂಬಿದರೆ ಪ್ಯಾನೆಲ್ ಉತ್ತರಕ್ಕೆ ತಿರುಗಿಬಿಡುತ್ತದೆ. ಯುರೋಪಿನಲ್ಲಾದರೆ ಇಂಥ ತಪ್ಪಿಗೆ ಉತ್ಪಾದನೆ ಎದ್ದು ಕಾಣುವಷ್ಟು ಕುಸಿಯುತ್ತದೆ. ಆದರೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರು, ತುಮಕೂರಿನಂಥ ಊರುಗಳಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುವುದರಿಂದ, ಪ್ಯಾನೆಲ್ಲಿನ ಓರೆ ಕಡಿಮೆಯಿದ್ದರೆ ವರ್ಷದ ಮೊತ್ತ ಅಷ್ಟೇನೂ ಇಳಿಯುವುದಿಲ್ಲ; ತಪ್ಪು ಕಣ್ಣಿಗೆ ಬೀಳದಿರುವುದೇ ಆ ಕಾರಣಕ್ಕೆ. ವಾರ್ಷಿಕ ಮೊತ್ತವನ್ನು ಬಿಟ್ಟು ತಿಂಗಳುಗಳ ಪಟ್ಟಿಯಲ್ಲಿ ಡಿಸೆಂಬರ್ ಮತ್ತು ಜನವರಿಯನ್ನು ನೋಡಿ. ಚಳಿಗಾಲದ ಆ ಒಣ ಬಿಸಿಲಿನಲ್ಲೂ ಅಂಕಿ ಸೊರಗಿದ್ದರೆ ದಿಕ್ಕನ್ನು ಮೊದಲು ಅನುಮಾನಿಸಿ. ಪಿವಿವಾಟ್ಸ್ ಸಂಖ್ಯೆಯಿಂದ 180 ಕಳೆದರೆ ಪಿವಿಜಿಐಎಸ್ ಸಂಖ್ಯೆ ಸಿಗುತ್ತದೆ: ನೈಋತ್ಯದ 225 ಇಲ್ಲಿ 45 ಆಗುತ್ತದೆ, ಆಗ್ನೇಯದ 135 ಮೈನಸ್ 45 ಆಗುತ್ತದೆ.

ದಿಕ್ಕು ಅಳೆಯಲು ಮೊಬೈಲಿನ ದಿಕ್ಸೂಚಿ ಆ್ಯಪ್ ಬೇಡವೇ ಬೇಡ. ಪಿಲ್ಲರಿನ ಮೇಲೆ ಚಾಚಿಕೊಂಡ ಕಬ್ಬಿಣದ ಸರಳುಗಳ ಬಳಿ ಹಿಡಿದಾಗ ಅದು ತೋರಿಸಿದ ಉತ್ತರ, ನಾಲ್ಕು ಹೆಜ್ಜೆ ಆಚೆ ಸರಿದಾಗ ಬೇರೆಯೇ ಆದದ್ದನ್ನು ಕಂಡಿದ್ದೇನೆ. ಉಪಗ್ರಹ ನಕ್ಷೆಯಲ್ಲಿ ಮೇಲ್ಭಾಗ ಉತ್ತರವಾಗಿರುವಂತೆ ಇಟ್ಟುಕೊಂಡು, ಪ್ಯಾರಾಪೆಟ್ ಗೋಡೆಯ ಅಂಚಿಗೆ ಕೋನಮಾಪಕ ಹಿಡಿದು ಅಳೆಯುವುದೇ ಲೇಸು.

ಓರೆಯನ್ನು ಊರಿನ ಅಕ್ಷಾಂಶದಷ್ಟು ಕೊಟ್ಟರೆ ಸಾಕು. ತಂತ್ರಾಂಶಕ್ಕೆ ಗುಡ್ಡಬೆಟ್ಟಗಳ ನೆರಳು ಗೊತ್ತೇ ಹೊರತು ಪಕ್ಕದ ಮನೆಯ ತೆಂಗಿನಮರವಾಗಲಿ, ನಿಮ್ಮದೇ ನೀರಿನ ಟ್ಯಾಂಕಾಗಲಿ ಗೊತ್ತಿಲ್ಲ. ಆ ನೆರಳಿನ ನಷ್ಟವನ್ನು ನೀವೇ ಅಂದಾಜಿಸಿ ಸೇರಿಸಬೇಕು. ಫಲಿತಾಂಶವನ್ನು ಉಳಿಸುವಾಗ ಆವೃತ್ತಿ, ದತ್ತಾಂಶದ ಹೆಸರು, ಅವಧಿ ಮತ್ತು ದಿಕ್ಕಿನ ಸಂಖ್ಯೆಯನ್ನು ಹಾಳೆಯ ಮೇಲೆಯೇ ಬರೆದಿಡಿ. ಇವಿಲ್ಲದ ಹಳೆಯ ಹಾಳೆಯನ್ನು ಹೊಸದರ ಪಕ್ಕಕ್ಕಿಟ್ಟು ಹೋಲಿಸುವ ಬದಲು, ಲೆಕ್ಕವನ್ನು ಮೊದಲಿನಿಂದ ಹಾಕುವುದು ಹತ್ತು ನಿಮಿಷದ ಕೆಲಸ.