ಗವಂತಿ ದಾರ ಹಿಡಿದು ಗಣಿತ ಕಲಿತದ್ದು

ಇಳಕಲ್ಲಿನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತದ ಟೀಚರ್. ನಮ್ಮಲ್ಲಿ ನೇಕಾರರ ಮನೆ ಮಕ್ಕಳೇ ಜಾಸ್ತಿ. ಬೆಳಿಗ್ಗೆ ಮಗ್ಗದ ಕಂಡಿಕೆಗೆ ನೂಲು ಸುತ್ತಿಟ್ಟು ಓಡಿ ಬರುತ್ತಾರೆ. ಮನೆಯಲ್ಲಿ ಕೊಂಡಿ ಹಾಕುವ ಕೆಲಸವಿದ್ದರೆ ಅವತ್ತು ಗೈರು. ಸೀರೆಯ ಒಡಲಿನ ಎಳೆಗಳನ್ನು ಸೆರಗಿನ ರೇಷ್ಮೆ ಎಳೆಗಳಿಗೆ ಕೂಡಿಸುವ ಕೆಲಸ ಅದು, ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಮೊದಮೊದಲು ನಾನು ಬೈಯುತ್ತಿದ್ದೆ. ನೆನೆದರೆ ಈಗ ನೋವಾಗುತ್ತದೆ.

ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯ ಕೈಯಲ್ಲಿ ಕಸೂತಿ ಹಾಕಿದ ಕರವಸ್ತ್ರ ಕಂಡೆ. ಗೋಪುರದ ಚಿತ್ತಾರ. ತಿರುವಿ ನೋಡಿದರೆ ಹಿಂದೆಯೂ ಅದೇ ಗೋಪುರ, ಒಂದು ಗಂಟೂ ಇಲ್ಲ. "ಇದು ಗವಂತಿ ರೀ ಟೀಚರ್. ಹೋದ ದಾರೀಲೇ ತಿರುಗಿ ಬರಬೇಕು," ಅಂದಳು. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಖಾಲಿ ಉಳಿದ ಜಾಗಗಳು ತುಂಬುತ್ತವೆ. ಕವಲು ಸಿಕ್ಕರೆ ಅದರ ತುದಿಗೆ ಹೋಗಿ ಮರಳಬೇಕು. ಕೊನೆಗೆ ದಾರ ಹೊರಟಲ್ಲಿಗೇ ಬಂದು ಸೇರುತ್ತದೆ.

ಇದು ಗಣಿತಜ್ಞ ಆಯ್ಲರನ ಲೆಕ್ಕ ಅಲ್ವಾ! ಕೋನಿಗ್ಸ್‌ಬರ್ಗ್ ಊರಿನ 7 ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲು ಸಾಧ್ಯವಿಲ್ಲ ಅಂತ ಅವನು 1736ರಲ್ಲಿ ತೋರಿಸಿದ್ದ. ಹೊರಟಲ್ಲಿಗೇ ಮರಳಬೇಕಾದರೆ ಒಂದು ನೆಲಕ್ಕೆ ಬಂದಷ್ಟು ಸಲ ಅಲ್ಲಿಂದ ಹೊರಡಲೂಬೇಕು, ಅಂದರೆ ಅದನ್ನು ಸೇರುವ ಸೇತುವೆಗಳು ಸರಿಸಂಖ್ಯೆಯಲ್ಲಿರಬೇಕು. ಆದರೆ ಹೊಳೆ ಬೇರ್ಪಡಿಸಿದ ಅಲ್ಲಿನ ನಾಲ್ಕು ನೆಲಗಳಿಗೂ ಸೇರುವ ಸೇತುವೆಗಳ ಸಂಖ್ಯೆ ಬೆಸ: 5, 3, 3, 3. ಮರುದಿನ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಯಾರಿಗೂ ತಲೆಗೆ ಹೋಗಲಿಲ್ಲ.

ಆಗ ಆ ಹುಡುಗಿಯ ಅಜ್ಜಿಯನ್ನೇ ಕರೆಸಿದೆ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬಟ್ಟೆಯ ಮೇಲೆ ಒಂದು ಗೆರೆಯನ್ನೂ ಎಳೆಯದೆ, ಎಳೆ ಎಣಿಸುತ್ತಾ ತೇರು ಹಾಕಿದರು. ಮಕ್ಕಳು ಸೂಜಿ ಹೋದ ದಾರಿಯನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರು. ನಡುವೆ ಒಬ್ಬಳು ಎದ್ದು ನಿಂತಳು. "ಟೀಚರ್, ಆ ಸೇತುವೆನೂ ಎರಡೆರಡು ಸಲ ದಾಟಿದ್ರ ಆಗ್ತದಲ್ರೀ? 10, 6, 6, 6. ಎಲ್ಲಾ ಸರಿಸಂಖ್ಯೆ!" ನಾನು ಹೇಳಿಕೊಟ್ಟಿರಲಿಲ್ಲ. ಅವಳೇ ಕಂಡುಕೊಂಡಳು. ನನ್ನ ಕಣ್ಣು ತುಂಬಿ ಬಂತು.

ಐದು ಜನ ಹುಡುಗಿಯರು ಸೇರಿ ಅದನ್ನೇ ವಿಜ್ಞಾನ ಪ್ರದರ್ಶನಕ್ಕೆ ಸಿದ್ಧ ಮಾಡಿದರು. ಮಾದರಿ ದೊಡ್ಡದಿರಲಿ ಅಂತ ಎಳೆ ಎದ್ದು ಕಾಣುವ ಮ್ಯಾಟಿ ಬಟ್ಟೆಗೆ ಉಣ್ಣೆ ದಾರ ಬಳಸಿದೆವು. ಒಂದು ಕವಲು ಮರೆತು ಮುಂದೆ ಹೋದದ್ದರಿಂದ ಅರ್ಧ ತೇರು ಬಿಚ್ಚಬೇಕಾಯಿತು. ಸರಿ, ಆ ಬಿಚ್ಚಿದ ತುಂಡನ್ನೂ ಪಕ್ಕದಲ್ಲೇ ಇಟ್ಟೆವು. ತಪ್ಪು ಎಲ್ಲಿ ಆಗುತ್ತದೆ ಅಂತ ತೋರಿಸಲು ಅದೇ ಹೆಚ್ಚು ಉಪಯೋಗಕ್ಕೆ ಬಂತು. ತಾಲ್ಲೂಕಿನಿಂದ ಜಿಲ್ಲೆಗೆ ಆಯ್ಕೆಯಾದೆವು. ಬಾಗಲಕೋಟೆಯಲ್ಲಿ ಬಹುಮಾನ ಬರಲಿಲ್ಲ. ಆದರೆ ತೀರ್ಪುಗಾರರ ಪ್ರಶ್ನೆಗಳಿಗೆ ನಮ್ಮ ಹುಡುಗಿಯರು ನನ್ನ ಮುಖ ನೋಡದೆ ಉತ್ತರ ಕೊಟ್ಟರು.

ಈಗ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅಜ್ಜಿ ಬರುತ್ತಾರೆ, ಜೊತೆಗೆ ಒಂದಿಬ್ಬರು ತಾಯಂದಿರೂ. ಕೊಂಡಿ ಹಾಕುವ ದಿನ ಗೈರಾದವರಿಗೆ ತಪ್ಪಿದ ಪಾಠವನ್ನು ಅಲ್ಲೇ, ಅದೇ ಚಾಪೆಯ ಮೇಲೆ, ಆ ಐವರು ಹೇಳಿಕೊಡುತ್ತಾರೆ.