ಕಾಫಿ ಗೋಡೌನಿನಲ್ಲಿ ಐದು ಹಾಡು: ಮೈಕ್ ಇಟ್ಟಲ್ಲಿಂದ ಬಿಡುಗಡೆಯವರೆಗೆ

ಕೊಡಗಿನಲ್ಲಿ ಲೈವ್ ಡ್ರಮ್ಸ್ ರೆಕಾರ್ಡ್ ಮಾಡಬೇಕೆಂದರೆ ಮೊದಲು ನೋಡಬೇಕಾದ್ದು ಕ್ಯಾಲೆಂಡರ್. ಮೈಕು, ಅದರ ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸು ಎಲ್ಲ ಆಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ಮೈಕ್ ತೆರೆದರೆ ಟ್ರ್ಯಾಕ್ ತುಂಬ ಮಳೆಯೇ. ಡಿಸೆಂಬರ್ ನಡುವಿನಿಂದ ರೋಬಸ್ಟಾ ಕೊಯ್ಲು ಜೋರಾಗುತ್ತದೆ. ಗೋಡೌನಿನಲ್ಲಿ ಚೀಲ, ಕಣದಲ್ಲಿ ಕೆಲಸದವರು, ಪಕ್ಕದ ತೋಟದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಡೀಸೆಲ್ ಮೋಟರ್ ರಾತ್ರಿಯೂ ಓಡುತ್ತದೆ. ಅದರ ಗುಡುಗುಡು ತೀರಾ ಕೆಳಗಿನ ಸದ್ದಾದ್ದರಿಂದ ಗೋಡೆ ದಾಟಿ ಒಳಗೆ ಬರುತ್ತದೆ. ಬೇಸ್ ಗಿಟಾರೂ ಕಾಲಿನಿಂದ ಬಾರಿಸುವ ದೊಡ್ಡ ಕಿಕ್ ಡ್ರಮ್ಮೂ ಇರುವುದು ಅದೇ ಜಾಗದಲ್ಲಿ, ಹಾಗಾಗಿ ಆಮೇಲೆ ಕತ್ತರಿಸಿ ತೆಗೆಯಲು ಆಗುವುದಿಲ್ಲ.

ನಮ್ಮ ಕನ್ನಡ ರಾಕ್ ಬ್ಯಾಂಡಿಗೆ ಉಳಿದದ್ದು ದೀಪಾವಳಿ ಪಟಾಕಿ ಮುಗಿದ ಮೇಲೆ, ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವ ಕೋವಿ ಸದ್ದಿಗೆ ಮೊದಲು ಸಿಗುವ ಎರಡು ಮೂರು ವಾರ. ಆಗ ಹಳೇ ಫಸಲು ಮಾರಿ ಗೋಡೌನ್ ಖಾಲಿ, ಹೊಸದು ಇನ್ನೂ ಗಿಡದಲ್ಲಿ. ಸಂಜೆ ಗುಡುಗು ಮಳೆ ಬರಬಹುದು, ಕತ್ತಲಾಗುತ್ತಿದ್ದಂತೆ ಜೀರುಂಡೆ ಶುರುವಾಗುತ್ತದೆ. ಜೀರುಂಡೆಯ ಸದ್ದು ಸಿಂಬಲ್ ಇರುವ ಎತ್ತರದಲ್ಲೇ ಕೂರುತ್ತದೆ. ಅದಕ್ಕೆ ಡ್ರಮ್ಸ್‌ಗೆ ಇಟ್ಟುಕೊಂಡ ಹೊತ್ತು ಬೆಳಗ್ಗೆ 9ರಿಂದ ಮಧ್ಯಾಹ್ನ 2. ಐದು ಹಾಡಿಗೆ ನಾಲ್ಕು ದಿನ: ಮೊದಲ ದಿನ ಪೂರ್ತಿ ಜೋಡಣೆ ಮತ್ತು ಶ್ರುತಿ, ಮುಂದಿನ ಮೂರು ದಿನ ಡ್ರಮ್ಸ್ ಮತ್ತು ಬೇಸ್. ಜೋಡಣೆಗೆ ಇಡೀ ದಿನ ಬೇಕೇ ಬೇಕು. ಅಲ್ಲಿ ಉಳಿಸಿದ ಎರಡು ಗಂಟೆ ಮಿಕ್ಸಿಂಗಿನಲ್ಲಿ ಎರಡು ವಾರ ತಿನ್ನುತ್ತದೆ.

ಗೋಡೌನ್ 30 ಅಡಿ ಉದ್ದ, 18 ಅಡಿ ಅಗಲ. ಸಿಮೆಂಟ್ ನೆಲ, ಎದುರುಬದುರು ಬೋಳು ಗೋಡೆ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸದ್ದು ಎರಡು ಗೋಡೆಗಳ ನಡುವೆ ಓಡಾಡಿ ತಂತಿ ಮೀಟಿದಂತೆ ‘ಟ್ರ್‌ರ್’ ಎನ್ನುತ್ತದೆ. ಚಟೀರ್ ಎನ್ನುವ ಚಿಕ್ಕ ಡ್ರಮ್ ಸ್ನೇರ್‌ನ ಪ್ರತಿ ಏಟಿನ ಹಿಂದೆಯೂ ಇದೇ ಅಂಟಿಕೊಳ್ಳುತ್ತದೆ. ಮೊಟ್ಟೆ ಟ್ರೇ ಅಂಟಿಸಿ ಪ್ರಯೋಜನವಿಲ್ಲ. ಬರೀ ಗೋಣಿ ನೇತುಹಾಕಿದರೆ ಮೇಲಿನ ಕಿರುಸದ್ದು ಮಾತ್ರ ಸತ್ತು, ಕೆಳಗಿನ ಗುಂಯ್‌ಗುಡುವಿಕೆ ಹಾಗೇ ಉಳಿದು, ಕೋಣೆ ಇನ್ನಷ್ಟು ಮಬ್ಬಾಗುತ್ತದೆ. ನಾವು ಮಾಡಿದ್ದು 4×2 ಅಡಿಯ ಹನ್ನೆರಡು ಪ್ಯಾನೆಲ್: ಮರದ ರೀಪಿನ ಚೌಕಟ್ಟು, ಒಳಗೆ 50 ಮಿಲಿಮೀಟರಿನ ರಾಕ್‌ವೂಲ್ (ಕಲ್ಲಿನ ನಾರಿನ ಹಾಳೆ) ಎರಡು ಪದರ, ಘನ ಮೀಟರಿಗೆ 48 ಕಿಲೋ ಸಾಂದ್ರತೆಯದ್ದು, ಮೇಲೆ ಗೋಣಿಬಟ್ಟೆ. ಗೋಡೆಗೆ ಒತ್ತಿ ಹೊಡೆಯದೆ 4 ಇಂಚು ಮುಂದಕ್ಕೆ ನಿಲ್ಲಿಸಬೇಕು, ಆ ಸಂದು ಇದ್ದರೆ ಅದೇ ದಪ್ಪದ ಪ್ಯಾನೆಲ್ ಇನ್ನೂ ಕೆಳಗಿನ ಸದ್ದನ್ನು ಹಿಡಿಯುತ್ತದೆ. ರಾಕ್‌ವೂಲ್ ಕತ್ತರಿಸುವಾಗ ಮಾಸ್ಕು, ತುಂಬು ತೋಳಿನ ಅಂಗಿ, ಕೈಗವಸು ತಪ್ಪಿಸಬೇಡಿ. ಡ್ರಮ್ಸ್ ಕೆಳಗೆ ದಪ್ಪ ಜಮಖಾನ. ಡ್ರಮ್ಸ್ ಅನ್ನು ಕೋಣೆಯ ನಟ್ಟನಡುವೆಯೂ ಇಡಬೇಡಿ, ಮೂಲೆಗೂ ತಳ್ಳಬೇಡಿ. ನಮ್ಮಲ್ಲಿ ಚಿಕ್ಕ ಗೋಡೆಯಿಂದ ಸುಮಾರು 10 ಅಡಿ ದೂರದಲ್ಲಿ ಕಿಕ್ ಚೆನ್ನಾಗಿ ತುಂಬಿ ಬಂತು. ನೆಲದ ಮೇಲೆ ನಿಲ್ಲುವ ದಪ್ಪ ಸದ್ದಿನ ಡ್ರಮ್ ಫ್ಲೋರ್ ಟಾಮ್ ಒಂದನ್ನೇ ಎತ್ತಿಕೊಂಡು ನಾಲ್ಕೈದು ಕಡೆ ಬಾರಿಸಿ ಕೇಳಿದರೆ ನಿಮ್ಮ ಕೋಣೆಯ ಜಾಗ ಸಿಗುತ್ತದೆ.

ಕರೆಂಟಿನ ವಿಷಯ. ತೋಟದ ಲೈನಿನಲ್ಲಿ ವೋಲ್ಟೇಜ್ ಏರಿಳಿಯುತ್ತದೆ, ಹೋಗುತ್ತದೆ, ಬರುತ್ತದೆ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ ಓಡಿಸಿದರೆ ಗಿಟಾರ್ ಪಿಕಪ್‌ನಲ್ಲಿ ಜೇನುಗೂಡಿನಂಥ ಸದ್ದು. ಪ್ಯೂರ್ ಸೈನ್ ವೇವ್ ಇನ್ವರ್ಟರ್ರೇ ಆಗಬೇಕು. ಹಳೇ ಗೋಡೌನುಗಳಲ್ಲಿ ಅರ್ತಿಂಗ್ ಹೆಸರಿಗಷ್ಟೇ ಇರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವಿನ ವೋಲ್ಟೇಜ್ ಅಳೆಸಿ. 2–3 ವೋಲ್ಟ್‌ಗಿಂತ ಹೆಚ್ಚಿದ್ದರೆ ವೈರಿಂಗ್ ಎಲ್ಲಿ ಕೆಟ್ಟಿದೆ ಎಂದು ಹುಡುಕಿಸಿ, ಬೇಕಾದರೆ ಇದ್ದಿಲು, ಉಪ್ಪು ಹಾಕಿ ಹೊಸ ಅರ್ತ್ ಗುಂಡಿ ಮಾಡಿಸಿ. ಎಲ್ಲ ಸಾಮಾನಿಗೂ ಒಂದೇ ಪ್ಲಗ್ ಪಾಯಿಂಟಿನಿಂದ ಕರೆಂಟ್ ತೆಗೆದುಕೊಂಡರೆ ಹಮ್ (ಕರೆಂಟಿನ ಗುಂಯ್ ಸದ್ದು) ಅರ್ಧ ಕಡಿಮೆಯಾಗುತ್ತದೆ. ಉಳಿದದ್ದನ್ನು ಪತ್ತೆಮಾಡಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಕೇಳಿ. ಹಮ್ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಸಾಮಾನುಗಳ ಅರ್ತ್ ಎರಡು ದಾರಿಯಲ್ಲಿ ಸೇರಿ ಸುತ್ತು ಹಾಕಿದೆ. ಗಿಟಾರನ್ನು ನೇರವಾಗಿ ಇಂಟರ್‌ಫೇಸಿಗೆ ಸೇರಿಸುವ ಡಿಐ ಬಾಕ್ಸಿನಲ್ಲಿ, ಸಿಗ್ನಲ್ ಕೇಬಲಿನ ಗ್ರೌಂಡ್ ಬಿಡಿಸುವ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಹಮ್ ಹೋಗಲಿ ಎಂದು ಆಂಪ್‌ನ ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರಿದ್ದಾರೆ. ಅದು ಜೀವ ತೆಗೆಯುವ ಕೆಲಸ: ಒದ್ದೆ ನೆಲದ ಮೇಲೆ ನಿಂತು, ತಂತಿ ಹಿಡಿದು, ತುಟಿಗೆ ಮೈಕ್ ತಾಗಿಸುವವರು ನಾವು.

ಇಂಟರ್‌ಫೇಸಿನಲ್ಲಿ ಎಂಟು ಪ್ರೀಆಂಪ್, ಅಂದರೆ ಒಂದೇ ಸಲಕ್ಕೆ ಎಂಟು ಮೈಕಿಗೆ ಜಾಗ. ಚಾನೆಲ್ ಹಂಚಿದ್ದು ಹೀಗೆ: 1 ಕಿಕ್, 2 ಸ್ನೇರ್, 3 ಫ್ಲೋರ್ ಟಾಮ್, 4 ಮತ್ತು 5 ಓವರ್‌ಹೆಡ್ (ಡ್ರಮ್ಸ್ ಮೇಲಿನ ಎರಡು ಮೈಕ್), 6 ರೂಮ್ (ಕೋಣೆಯ ಸದ್ದು ಹಿಡಿಯುವ ಮೈಕ್), 7 ಬೇಸ್ ಡಿಐ, 8 ಗೈಡ್ ಗಿಟಾರ್ ಡಿಐ (ಉಳಿದವರಿಗೆ ದಾರಿ ತೋರಲು ಮಾತ್ರ ನುಡಿಸುವುದು). ಗೈಡ್ ಹಾಡುಗಾರಿಕೆಯನ್ನು ಮೊದಲೇ ಕ್ಲಿಕ್ (ತಾಳದ ಟಿಕ್ ಟಿಕ್) ಜೊತೆ ಹಾಡಿಟ್ಟುಕೊಂಡು ಹೆಡ್‌ಫೋನಿಗೆ ಬಿಟ್ಟೆವು. 48 ಕಿಲೋಹರ್ಟ್ಸ್, 24 ಬಿಟ್. ಎಂಟು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 69 ಎಂಬಿ, ಗಂಟೆಗೆ 4 ಜಿಬಿಗಿಂತ ಸ್ವಲ್ಪ ಜಾಸ್ತಿ. ಲೆವೆಲ್ ಇಡುವಾಗ ಅತಿ ಜೋರಿನ ಏಟು ಮೈನಸ್ 10 ಡಿಬಿ ಮುಟ್ಟಿದರೆ ಸಾಕು (ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ). ಪರೀಕ್ಷೆಗೆ ಬಾರಿಸುವುದಕ್ಕಿಂತ ಹಾಡಿನೊಳಗೆ ಡ್ರಮ್ಮರ್ ಯಾವಾಗಲೂ ಜೋರಾಗಿ ಬಾರಿಸುತ್ತಾರೆ, ಅದಕ್ಕೆ ಅಷ್ಟು ಜಾಗ ಬಿಟ್ಟಿರಬೇಕು.

ಓವರ್‌ಹೆಡ್ ಎರಡನ್ನೂ ಸ್ನೇರ್‌ನ ನಡುವಿನಿಂದ ಒಂದೇ ದೂರದಲ್ಲಿ ಇಡಬೇಕು. ಒಂದು ದಾರಕ್ಕೆ 1 ಮೀಟರಿಗೆ ಗಂಟು ಹಾಕಿ ಎರಡೂ ಮೈಕಿಗೆ ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ. ಸದ್ದು ಒಂದು ಮಿಲಿಸೆಕೆಂಡಿಗೆ ಹೋಗುವುದು ಸುಮಾರು 34 ಸೆಂಟಿಮೀಟರ್. ಒಂದು ಮೈಕಿಗಿಂತ ಇನ್ನೊಂದು ಅಷ್ಟು ದೂರ ಇದ್ದರೆ ಸ್ನೇರ್ ಎರಡು ಬಾರಿ ತಲುಪಿ, ಒಂದರ ಅಲೆ ಇನ್ನೊಂದನ್ನು ತಿಂದು, ಸದ್ದು ತೆಳ್ಳಗಾಗುತ್ತದೆ. ಎಲ್ಲ ಇಟ್ಟ ಮೇಲೆ ಓವರ್‌ಹೆಡ್ ಮಾತ್ರ ಕೇಳಿ, ಆಮೇಲೆ ಕಿಕ್ ಸೇರಿಸಿ, ಕಿಕ್‌ನ ಪೊಲಾರಿಟಿ ಬಟನ್ (ಅಲೆಯನ್ನು ತಲೆಕೆಳಗು ಮಾಡುವುದು) ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ಕೇಳಿ. ಯಾವ ಕಡೆ ಹೊಟ್ಟೆಗೆ ತಾಗುತ್ತದೋ ಅದೇ ಸರಿ. ಸ್ನೇರ್‌ಗೂ ಟಾಮ್‌ಗೂ ಇದನ್ನೇ ಮಾಡಿ. ಈ ಹತ್ತು ನಿಮಿಷದ ಕೆಲಸಕ್ಕೆ ಸಮನಾದ ಪ್ಲಗಿನ್ (ಸದ್ದು ತಿದ್ದುವ ಸಾಫ್ಟ್‌ವೇರ್) ನಾನು ಕಂಡಿಲ್ಲ. ಸಿಂಬಲ್ ಮೆಲ್ಲಗೆ, ಡ್ರಮ್ ಗಟ್ಟಿಯಾಗಿ ಬಾರಿಸುವುದನ್ನು ಡ್ರಮ್ಮರ್ ಅಭ್ಯಾಸದಲ್ಲೇ ರೂಢಿಸಿಕೊಳ್ಳಬೇಕು. ಉಲ್ಟಾ ಆದರೆ ಮಿಕ್ಸಿನಲ್ಲಿ ಸ್ನೇರ್ ಎತ್ತಿದಷ್ಟೂ ಹೈಹ್ಯಾಟ್ ಸಿಂಬಲ್ ಜೊತೆಗೇ ಏಳುತ್ತದೆ.

ಇಲ್ಲಿಯ ತೇವಕ್ಕೆ ಅಕೌಸ್ಟಿಕ್ ಗಿಟಾರಿನ ಮರ ಉಬ್ಬಿ ತಂತಿ ಮೇಲೇಳುತ್ತದೆ, ಕಂಡೆನ್ಸರ್ ಮೈಕ್ ಚಟಪಟ ಎನ್ನುತ್ತದೆ. ಮೈಕುಗಳನ್ನು ಮುಚ್ಚಳ ಬಿಗಿಯಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ತುಂಬಿದೆ ಎಂದರ್ಥ, ಬದಲಿಸಿ. ಗಿಟಾರ್‌ಗಳನ್ನು ಒಂದು ದಿನ ಮೊದಲೇ ಗೋಡೌನಿಗೆ ತಂದು, ಹೊಸ ತಂತಿ ಹಾಕಿ, ಎಳೆದು ಎಳೆದು ಶ್ರುತಿ ನಿಲ್ಲಿಸಿ. ಗಿಟಾರಿನ ಕತ್ತಿನ ಬಾಗು ಸರಿಪಡಿಸುವ ಟ್ರಸ್ ರಾಡ್ ತಿರುಗಿಸಬೇಕಾದರೆ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ನಂತರ 12ನೇ ಫ್ರೆಟ್‌ನಲ್ಲಿ ಶ್ರುತಿ ನೋಡಿ. ಪ್ರತಿ ಟೇಕಿಗೂ ಮೊದಲು ಟ್ಯೂನರ್.

ಗಿಟಾರ್ ಆಂಪ್‌ಗೆ ಒಂದೇ ಡೈನಾಮಿಕ್ ಮೈಕ್ ಸಾಕು: ಸ್ಪೀಕರಿನ ನಡುವಿನ ಉಬ್ಬೂ ಸುತ್ತಲಿನ ಕೋನೂ ಸೇರುವ ಅಂಚಿಗೆ ನೇರವಾಗಿ, ಬಟ್ಟೆಯಿಂದ ಎರಡು ಬೆರಳು ದೂರ. ಒಂದು ಇಂಚು ನಡುವಿಗೆ ಸರಿಸಿದರೆ ಸದ್ದು ಚುರುಕು, ಹೊರಕ್ಕೆ ಸರಿಸಿದರೆ ಮಂದ. ಡಿಸ್ಟಾರ್ಷನ್ ವೇದಿಕೆಯ ಮೇಲೆ ಇಡುವುದಕ್ಕಿಂತ ಕಡಿಮೆ ಇಡಿ. ಎಡಕ್ಕೊಂದು ಬಲಕ್ಕೊಂದು ಗಿಟಾರ್ ಬೇಕಾದರೆ ಎರಡು ಸಲ ನುಡಿಸಲೇಬೇಕು. ಒಂದನ್ನೇ ಕಾಪಿ ಮಾಡಿ ಎರಡು ಕಡೆ ಹಾಕಿದರೆ ಅಗಲವಾಗುವುದಿಲ್ಲ, ನಡುವಿನಲ್ಲೇ ಜೋರಾಗುತ್ತದೆ.

ಹಾಡುಗಾರಿಕೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕನ್ನಡ ರಾಕ್ ಹೆಚ್ಚಾಗಿ ಸೋಲುವುದು ಇಲ್ಲಿ. ಕನ್ನಡದಲ್ಲಿ ಸ್ವರದ ಉದ್ದವೇ ಅರ್ಥ. ರಾಗಕ್ಕಾಗಿ ‘ಮರ’ವನ್ನು ಎಳೆದರೆ ‘ಮಾರ’, ‘ಕಾಡು’ ಮೊಟಕಾದರೆ ‘ಕಡು’. ಆದ್ದರಿಂದ ಸಾಹಿತ್ಯ ಬರೆದ ಕೂಡಲೇ ಶಾಲೆಯಲ್ಲಿ ಕಲಿತಂತೆ ಪ್ರಸ್ತಾರ ಹಾಕಿ ಗುರು, ಲಘು ಗುರುತಿಸುತ್ತೇವೆ. ಎಳೆಯುವ ಸ್ವರ, ಬಲವಾದ ಬೀಟ್ ಗುರುವಿನ ಮೇಲೆ ಬೀಳುವಂತೆ ಸಾಲು ತಿರುಗಿಸುತ್ತೇವೆ. ಮತ್ತೆ ಮತ್ತೆ ಬರುವ ಏಳರ ಲೆಕ್ಕದ ಒಂದು ಗಿಟಾರ್ ರಿಫ್‌ಗೆ ಇದು ವರವಾಯಿತು. ಭಾಮಿನಿ ಷಟ್ಪದಿಯ ನಡೆಯೇ ಮೂರು–ನಾಲ್ಕು ಮಾತ್ರೆಯದ್ದಾದ್ದರಿಂದ, ಕ್ಲಿಕ್‌ನ ಒತ್ತನ್ನು 3+4 ಎಂದು ಇಟ್ಟರೆ ಕನ್ನಡ ಪದಗಳು ತಾವಾಗಿಯೇ ಬಂದು ಕೂರುತ್ತವೆ. ಇನ್ನೊಂದು ‘ಳ’. ನಮ್ಮ ಹಾಡುಗಳಲ್ಲಿ ಮಳೆಯೂ ಇದೆ, ಮಲೆಯೂ ಇದೆ. ಗಿಟಾರಿನ ಗದ್ದಲದಲ್ಲಿ ಎರಡೂ ಒಂದೇ ಕೇಳಿಸಿದರೆ ಸಾಲು ಹೋಯಿತು. ಹಾಡುವವರು ನಾಲಗೆ ಮಡಿಸಿ ಗಟ್ಟಿಯಾಗಿ ‘ಳ’ ಹೇಳಬೇಕು, ಮಿಕ್ಸಿನಲ್ಲಿ ಗಿಟಾರಿನ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು ಎರಡು ಮೂರು ಡಿಬಿ ತಗ್ಗಿಸಿ ಅದಕ್ಕೆ ದಾರಿ ಬಿಡಬೇಕು.

ಹಾಡನ್ನು ಗೋಡೌನಿನಲ್ಲಿ ಹಾಡಿಸಲಿಲ್ಲ. ಹಾಸಿಗೆ, ಕಂಬಳಿ, ತುಂಬಿದ ಬೀರು ಇರುವ ಮಲಗುವ ಕೋಣೆ ಸಾಕು, ಹಾಡುವವರ ಬೆನ್ನ ಹಿಂದೆ ಎರಡು ಪ್ಯಾನೆಲ್. ಬಾಯಿಗೂ ಮೈಕಿಗೂ ಒಂದು ಗೇಣು ದೂರ, ನಡುವೆ ಪಾಪ್ ಫಿಲ್ಟರ್. ‘ಪ’, ‘ಭ’ ಗಾಳಿ ಹೊಡೆದರೆ ಮೈಕನ್ನು ಸ್ವಲ್ಪ ಓರೆ ಮಾಡಿ. ಹೆಡ್‌ಫೋನಿನಲ್ಲಿ ತನ್ನ ದನಿ ತಡವಾಗಿ ಬಂದರೆ ಹಾಡುವವರು ತಾಳದ ಹಿಂದೆ ಬೀಳುತ್ತಾರೆ. ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರ ಕೇಳಿಸುವ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ ಹಾಕಿ, ಇಲ್ಲವೇ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವ ಸದ್ದಿನ ತುಣುಕು) 128 ಸ್ಯಾಂಪಲಿಗೆ ಇಳಿಸಿ. ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿಕೊಂಡರಾಯಿತು.

ಮಿಕ್ಸಿಂಗಿಗೆ ಡಿಸೆಂಬರ್, ಜನವರಿ ಎರಡೂ ಹೋದವು. ಗಿಟಾರ್‌ಗಳನ್ನು 90 ಹರ್ಟ್ಸ್‌ನಿಂದ ಕೆಳಗೆ ಕತ್ತರಿಸಿ ಆ ಜಾಗ ಬೇಸ್‌ಗೆ ಬಿಟ್ಟೆವು. ಮಬ್ಬು ಕೂರುವುದು 300 ಹರ್ಟ್ಸ್ ಸುತ್ತ. ಒಂದರಲ್ಲೇ ಆಳವಾಗಿ ಕೊರೆಯದೆ ನಾಲ್ಕೈದು ಟ್ರ್ಯಾಕಿನಲ್ಲಿ ಎರಡೆರಡು ಡಿಬಿ ತೆಗೆಯಿರಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಸ್‌ನ ರಾಗ ಕೇಳಿಸದಿದ್ದರೆ ಬೇಸ್ ಏರಿಸಬೇಡಿ, ಅದಕ್ಕೆ ಸ್ವಲ್ಪ ಡಿಸ್ಟಾರ್ಷನ್ ಬೆರೆಸಿ. ಜೀಪಿನ ಸ್ಟೀರಿಯೋದಲ್ಲೂ ಕೇಳಿ ನೋಡಿ. ಮಾಸ್ಟರಿಂಗನ್ನು, ಅಂದರೆ ಬಿಡುಗಡೆಗೆ ಮೊದಲಿನ ಕೊನೆಯ ತಿದ್ದುವಿಕೆಯನ್ನು, ಹಾಡಿನ ಜೊತೆ ತಿಂಗಳುಗಟ್ಟಲೆ ಬದುಕದ ಇನ್ನೊಬ್ಬರ ಕಿವಿಗೆ ಕೊಡಿ. ಮಾಸ್ಟರ್ ಚಾನೆಲಿನಲ್ಲಿ ಜೋರು ಸದ್ದನ್ನು ಹಿಂಡುವ ಲಿಮಿಟರ್ ತೆಗೆದು, ಪೀಕ್ ಮೈನಸ್ 6 ಡಿಬಿ ಸುತ್ತ ಬಿಟ್ಟು ಕಳಿಸಿ. ಸ್ಪಾಟಿಫೈ ಮಾಮೂಲಿಯಾಗಿ ಹಾಡನ್ನು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಸಮ ಮಾಡುತ್ತದೆ. ಮೈನಸ್ 7ಕ್ಕೆ ಹಿಂಡಿ ಕೊಟ್ಟರೂ ಅದು ಅಲ್ಲಿಗೇ ಇಳಿಸುತ್ತದೆ. ಸ್ನೇರ್‌ನ ಏಟು ಸತ್ತದ್ದು ಮಾತ್ರ ನಮಗೆ ನಷ್ಟ. ಟ್ರೂ ಪೀಕ್ (ಅಲೆಯ ನಿಜವಾದ ತುದಿ) ಮೈನಸ್ 1 ಡಿಬಿಯೊಳಗೆ ಇರಲಿ.

ಬಿಡುಗಡೆಗೆ ಕೊಯ್ಲಿನ ತಿಂಗಳು ಬೇಡ, ಕೇಳುವವರೆಲ್ಲ ತೋಟದಲ್ಲಿರುತ್ತಾರೆ. ಮಳೆ ಹಿಡಿದ ಮೇಲೆ ಕರೆಂಟು ಹೋದರೆ ಟವರೂ ಹೋಗುತ್ತದೆ. ನಾವು ಆರಿಸಿದ್ದು ಏಪ್ರಿಲ್. ಮೊದಲು ನಾಲ್ಕು ವಾರದ ಅಂತರದಲ್ಲಿ ಎರಡು ಹಾಡು ಬಿಡಿಯಾಗಿ, ಆಮೇಲೆ ಐದೂ ಸೇರಿದ ಇಪಿ, ಅಂದರೆ ಪುಟ್ಟ ಆಲ್ಬಮ್. ಬಿಡಿಯಾಗಿ ಬಂದ ಹಾಡು ಇಪಿಯಲ್ಲಿ ಮತ್ತೆ ಬರುವಾಗ ರೆಕಾರ್ಡಿಂಗಿನ ಗುರುತಾದ ಅದೇ ಐಎಸ್‌ಆರ್‌ಸಿ ಸಂಖ್ಯೆಯನ್ನೇ ಹಾಕಬೇಕು. 12 ಅಕ್ಷರ–ಅಂಕಿಗಳ ಆ ಗುರುತು ಬದಲಾದರೆ ಅದು ಬೇರೆ ಹಾಡು ಎಂದಾಗಿ, ಅದುವರೆಗಿನ ಕೇಳುಗರ ಲೆಕ್ಕ ಸೇರುವುದಿಲ್ಲ. ಬ್ಯಾಂಡಿನ ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ, ಒಂದು ಕಡೆ ದೀರ್ಘ ಇನ್ನೊಂದು ಕಡೆ ಹ್ರಸ್ವ ಆದರೆ ಎರಡು ಕಲಾವಿದರ ಪುಟ ಹುಟ್ಟುತ್ತವೆ. ಭಾಷೆ ಕೇಳಿದಲ್ಲಿ ಕನ್ನಡ ಎಂದೇ ತುಂಬಿ. ಕವರ್ ಚಿತ್ರ 3000×3000 ಪಿಕ್ಸೆಲ್. ಸ್ಪಾಟಿಫೈ ಸಂಪಾದಕರಿಗೆ ಹಾಡು ಸೂಚಿಸಲು ಬಿಡುಗಡೆಗೆ ಸಾಕಷ್ಟು ಮೊದಲೇ ಅದು ಅಲ್ಲಿ ತಲುಪಿರಬೇಕು. ಹಾಡನ್ನು ಸ್ಪಾಟಿಫೈಯಂಥ ಕಡೆಗೆ ಹಂಚುವ ಕಂಪನಿಯ ಕಡೆ ಏನಾದರೂ ತಡೆಯಾದರೆ ಸರಿಪಡಿಸಲು ಹೊತ್ತು ಬೇಕು, ನಾಲ್ಕು ವಾರ ಮೊದಲೇ ಕೊಡಿ.

ದುಡ್ಡಿನ ಲೆಕ್ಕ ಮೊದಲೇ ತಿಳಿದಿರಲಿ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು 12 ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದಿದ್ದರೆ ರಾಯಲ್ಟಿ ಇಲ್ಲ. ಹಾಡನ್ನು ಕೇಳುಗರಿಗೆ ನೇರ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟಕ್ಕೆ ಶೇ 15 ಹಿಡಿದುಕೊಳ್ಳುತ್ತದೆ. ಹಂಚುವ ಕಂಪನಿ ವರ್ಷದ ಚಂದಾ ಕೇಳುವಂಥದ್ದಾದರೆ, ಚಂದಾ ನಿಲ್ಲಿಸಿದ ಮೇಲೆ ಹಾಡು ಉಳಿಯುತ್ತದೋ ತೆಗೆಯುತ್ತಾರೋ ಎಂದು ಸಹಿಗೆ ಮೊದಲು ಓದಿ. ಸಾಹಿತ್ಯ, ರಾಗ ಯಾರದ್ದು, ಯಾರಿಗೆ ಶೇಕಡಾ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ, ರೆಕಾರ್ಡಿಂಗ್ ಮುಗಿದ ವಾರವೇ. ಬರೆದವರು, ರಾಗ ಹಾಕಿದವರು ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯರಾದರೆ ಅವರ ಪಾಲಿನ ರಾಯಲ್ಟಿಗೆ ದಾರಿಯಾಗುತ್ತದೆ. ದುಡಿ, ಕೊಂಬು ನುಡಿಸಲು ಊರಿನ ಕಲಾವಿದರನ್ನು ಕರೆದರೆ ಅವರ ಹೆಸರು, ಸಂಭಾವನೆ, ಒಪ್ಪಿಗೆ ಮೂರೂ ಅದೇ ಹಾಳೆಯಲ್ಲಿರಲಿ.

ಕೊನೆಯ ಕೆಲಸ ಮೇ ತಿಂಗಳಲ್ಲಿ, ಮಳೆಗೆ ಮೊದಲು. ಪ್ರತಿ ಟ್ರ್ಯಾಕನ್ನೂ ಸೊನ್ನೆ ನಿಮಿಷದಿಂದ ಶುರುವಾಗುವ ಬಿಡಿ ವೇವ್ ಫೈಲಾಗಿ ತೆಗೆದು, ಹೆಸರಿನಲ್ಲಿ ಹಾಡು, ವಾದ್ಯ, ಟೆಂಪೋ ಬರೆದು, ಎರಡು ಹಾರ್ಡ್‌ಡಿಸ್ಕಿಗೆ ಹಾಕಿ. ಒಂದು ಸಿಲಿಕಾ ಜೆಲ್ ಡಬ್ಬದಲ್ಲಿ ಮನೆಯಲ್ಲಿರಲಿ, ಇನ್ನೊಂದನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಬ್ಯಾಂಡಿನವರ ಕೈಗೆ ಕೊಟ್ಟು ಕಳಿಸಿ.