ಕಲ್ಲಿನೊಳಗೆ ಉಳಿದ ಫಾಸ್ಫೇಟ್: ಬಳಸಿದ ಡ್ರೈ ರಾಕ್ ಶುಚಿಗೊಳಿಸಿದ ನನ್ನ ಅನುಭವ

ಕೋಲಾರದ ನಮ್ಮ ಮನೆಯಲ್ಲಿ 200 ಲೀಟರಿನ ಸಮುದ್ರ ನೀರಿನ ಅಕ್ವೇರಿಯಂ ಇದೆ. ಮೊದಲ ಸಲ ಅದನ್ನು ಕಟ್ಟಿದಾಗ ಯಾರೋ ಬಳಸಿ ಬಿಟ್ಟಿದ್ದ ಡ್ರೈ ರಾಕ್, ಅಂದರೆ ಬ್ಯಾಕ್ಟೀರಿಯಾ ನೆಲೆಸಲೆಂದು ತೊಟ್ಟಿಯಲ್ಲಿ ಜೋಡಿಸುವ ರಂಧ್ರಭರಿತ ಒಣಕಲ್ಲುಗಳನ್ನು ತಂದು, ಬೋರ್‌ವೆಲ್ ನೀರಿನಲ್ಲಿ ಉಜ್ಜಿ, ಒಂದು ವಾರ ಬಿಸಿಲಿಗೆ ಹಾಕಿ, ಕಲ್ಲು ಬೆಳ್ಳಗೆ ಕಂಡಿತೆಂಬ ಒಂದೇ ಕಾರಣಕ್ಕೆ ನೇರವಾಗಿ ತೊಟ್ಟಿಗೆ ಇಳಿಸಿದ್ದೆ. ಎರಡು ತಿಂಗಳೊಳಗೆ ಪ್ರತಿಯೊಂದು ಕಲ್ಲಿನ ಮೇಲೂ ಹಸಿರು ಕೂದಲಿನಂತಹ ಪಾಚಿ ಬೆಳೆಯಿತು. ಎಷ್ಟು ಕಿತ್ತರೂ ವಾರದಲ್ಲಿ ಮರಳಿ ಬರುತ್ತಿತ್ತು. ನೀರನ್ನು ಪರೀಕ್ಷಿಸಿದಾಗ, ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ 0.5 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅರ್ಧ ಭಾಗ) ದಾಟಿತ್ತು. ಕೊನೆಗೆ ತೊಟ್ಟಿಯನ್ನು ಪೂರ್ತಿ ಬಿಚ್ಚಬೇಕಾಯಿತು. ಎರಡನೆಯ ಸಲ ಬೇರೆಯವರು ಬಳಸಿದ್ದ ಇನ್ನೊಂದು 22 ಕಿಲೋ ಕಲ್ಲನ್ನು ಹೇಗೆ ಸಿದ್ಧಪಡಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ಎರಡು ವಿಷಯಗಳನ್ನು ಖಚಿತಪಡಿಸಿಕೊಂಡೆ. ಕಲ್ಲಿನ ಮೂಲ ಯಾವುದು ಎಂಬುದು ಮೊದಲನೆಯದು. ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಇರುವುದರಿಂದ, ನಮ್ಮ ಕಡಲಿನಿಂದ ಕಿತ್ತು ತಂದ ಹವಳದ ಕಲ್ಲನ್ನು ನಾನು ಮುಟ್ಟುವುದಿಲ್ಲ. ಇದು ನೆಲದ ಗಣಿಯಿಂದ ತೆಗೆದ ರಂಧ್ರಭರಿತ ಸುಣ್ಣಕಲ್ಲು ಎಂಬುದನ್ನು ಹಳೆಯ ಬಿಲ್ಲಿನಲ್ಲಿ ನೋಡಿಯೇ ತಂದೆ. ಎರಡನೆಯದು, ಕಲ್ಲು ಮೊದಲಿದ್ದ ತೊಟ್ಟಿಯಲ್ಲಿ ಎಂದಾದರೂ ತಾಮ್ರದ ಔಷಧಿ ಬಳಸಿದ್ದರೇ ಎಂಬುದು. ಸುಣ್ಣಕಲ್ಲು ತಾಮ್ರವನ್ನು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಮೀನು ತಾಳಿಕೊಂಡರೂ ಸಿಗಡಿ, ಬಸವನಹುಳುಗಳು ತಾಳುವುದಿಲ್ಲ. ಅಂತರಗಂಗೆ ಬೆಟ್ಟದಲ್ಲಿ ಬೇಕಾದಷ್ಟು ಕಲ್ಲು ಬಿದ್ದಿರುವಾಗ ದುಡ್ಡು ಕೊಟ್ಟು ಏಕೆ ತರುತ್ತೀಯೆಂದು ಸ್ನೇಹಿತರು ಕೇಳಿದ್ದರು. ನಮ್ಮ ಬೆಟ್ಟದ ಕಲ್ಲಿಗೆ ವಿನೆಗರ್ ಹಾಕಿದರೆ ನೊರೆ ಬರುವುದಿಲ್ಲ, ಅಂದರೆ ಅದು ಸುಣ್ಣಕಲ್ಲಲ್ಲ; ಅದರೊಳಗೆ ಬ್ಯಾಕ್ಟೀರಿಯಾ ನೆಲೆಸಲು ಬೇಕಾದ ಸೂಕ್ಷ್ಮ ರಂಧ್ರಗಳೂ ಇಲ್ಲ.

ಮೊದಲು ಕಲ್ಲುಗಳನ್ನು ನೆನೆಸಿ, ನೈಲಾನ್ ಬ್ರಷ್ ಮತ್ತು ಹಳೆಯ ಸ್ಕ್ರೂಡ್ರೈವರಿನಿಂದ ಒಣಗಿದ ಪಾಚಿ, ಕೊಳವೆಹುಳುಗಳ ಚಿಪ್ಪು, ಸ್ಪಂಜಿನ ಅವಶೇಷಗಳನ್ನು ಕೆರೆದು ತೆಗೆದೆ. ಒಣಕಲ್ಲನ್ನು ಹಾಗೆಯೇ ಉಜ್ಜಿದರೆ ಏಳುವ ಧೂಳು ಉಸಿರಿಗೆ ಒಳ್ಳೆಯದಲ್ಲ. ಕಲ್ಲನ್ನು ಕುದಿಸಿದರೆ ಎಲ್ಲವೂ ಸಾಯುತ್ತದೆಯೆಂದು ಕೆಲವರು ಹೇಳುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಜೊಆಂಥಿಡ್ ಎಂಬ ಜೀವಿಗಳು ಅಂಟಿಕೊಂಡಿದ್ದ ಕಲ್ಲಿನಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಉಳಿದಿರಬಹುದು. ಅದು ಕುದಿಯುವ ನೀರಿನ ಆವಿಯೊಡನೆ ಗಾಳಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ನಡೆದಿವೆ.

ಅನಂತರ ನೀಲಿ ಡ್ರಮ್ಮಿನಲ್ಲಿ 60 ಲೀಟರ್ ನೀರಿಗೆ 6 ಲೀಟರ್ ಸುವಾಸನೆರಹಿತ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಬೆರೆಸಿ, ಸಣ್ಣ ಪಂಪ್ ಹಾಕಿ, ಕಲ್ಲುಗಳನ್ನು ಏಳು ದಿನ ನೆರಳಿನಲ್ಲಿ ಮುಳುಗಿಸಿಟ್ಟೆ. ಬಿಸಿಲು ಬಿದ್ದರೆ ದ್ರಾವಣದ ಶಕ್ತಿ ಬೇಗ ಕುಂದುತ್ತದೆ. ರಂಧ್ರಗಳ ಒಳಗೆ ಸತ್ತು ಕುಳಿತಿದ್ದ ಜೈವಿಕ ಪದಾರ್ಥವೆಲ್ಲ ಕರಗಿ, ನೀರು ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ಮೂರು ಸಲ ತೊಳೆದು, ಅಕ್ವೇರಿಯಂ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಹೆಸರಿನಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಹರಳು ಹಾಕಿದ ನೀರಿನಲ್ಲಿ ಒಂದು ದಿನ ಬಿಟ್ಟು, ತೊಳೆದ ಟೊಮ್ಯಾಟೊ ಕ್ರೇಟುಗಳಲ್ಲಿ ಜೋಡಿಸಿ ತಾರಸಿಯ ಮೇಲೆ ಒಣಗಿಸಿದೆ. ನಮ್ಮೂರಿನಲ್ಲಿ ಈ ಕ್ರೇಟುಗಳಿಗೆ ಬರವಿಲ್ಲ. ನಾಲ್ಕೂ ಕಡೆ ರಂಧ್ರಗಳಿರುವುದರಿಂದ ಗಾಳಿ ಚೆನ್ನಾಗಿ ಆಡುತ್ತದೆ, ಕಲ್ಲುಗಳನ್ನು ಒಟ್ಟಿಗೆ ಎತ್ತಿ ಇಳಿಸಲೂ ಅನುಕೂಲ.

ಕಲ್ಲು ಪೂರ್ತಿ ಒಣಗಿ, ಕ್ಲೋರಿನ್ನಿನ ವಾಸನೆ ಸ್ವಲ್ಪವೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಆಸಿಡ್ಡಿನ ಕೆಲಸಕ್ಕೆ ಕೈಹಾಕಿದೆ, ಏಕೆಂದರೆ ಹೈಪೋಕ್ಲೋರೈಟ್ ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. 2013ರ ಸುಪ್ರೀಂ ಕೋರ್ಟ್ ಆದೇಶದ ನಂತರ ಆಸಿಡ್ ಮಾರಾಟಕ್ಕೆ ನಿರ್ಬಂಧಗಳಿರುವುದರಿಂದ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ, ಕಾರಣ ಬರೆಸಿ ಕೊಂಡೆ. ಮಕ್ಕಳು ಶಾಲೆಗೆ ಹೋದ ಮೇಲೆ, ತೆರೆದ ತಾರಸಿಯಲ್ಲಿ, ಕನ್ನಡಕ ಮತ್ತು ಮೊಣಕೈವರೆಗಿನ ರಬ್ಬರ್ ಗವಸು ತೊಟ್ಟು, 40 ಲೀಟರ್ ನೀರಿಗೆ 2 ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ನಿಧಾನವಾಗಿ ಸುರಿದೆ. ಆಸಿಡ್ಡನ್ನು ನೀರಿಗೆ ಸೇರಿಸಬೇಕೇ ಹೊರತು ನೀರನ್ನು ಆಸಿಡ್ಡಿಗೆ ಎಂದಿಗೂ ಸೇರಿಸಬಾರದು. ಕ್ರೇಟನ್ನು ಇಳಿಸಿದ ಕೂಡಲೇ ಕಂದು ನೊರೆ ಉಕ್ಕಿತು. ಸುಣ್ಣಕಲ್ಲಿನ ಹೊರಪದರ ಕರಗುತ್ತಾ, ಅದಕ್ಕೆ ಅಂಟಿದ್ದ ಫಾಸ್ಫೇಟನ್ನೂ ತನ್ನೊಡನೆ ಒಯ್ಯುತ್ತದೆ. ನೊರೆ ನಿಂತ ಮೇಲೆ ಅಡುಗೆ ಸೋಡಾ ಹಾಕಿ, ಉಳಿದ ಆಮ್ಲವನ್ನು ಶಮನಗೊಳಿಸಿದೆ. ಒಣಗಿಸಿ ತೂಗಿದಾಗ ಸುಮಾರು 900 ಗ್ರಾಂ ಕಡಿಮೆಯಾಗಿತ್ತು. 30 ಶೇಕಡ ಸಾಂದ್ರತೆಯ ಎರಡು ಲೀಟರ್ ಆಸಿಡ್ ಕರಗಿಸಬಲ್ಲ ಸುಣ್ಣದ ಲೆಕ್ಕಕ್ಕೆ ಅದು ಸರಿಹೊಂದುತ್ತಿತ್ತು.

ಇಷ್ಟಾದರೂ ಕೆಲಸ ಅರ್ಧವಷ್ಟೇ ಮುಗಿದಿತ್ತು. ಆಸಿಡ್ ಹೊರಪದರವನ್ನು ತೆಗೆಯುತ್ತದೆ, ಒಳಗೆ ಸೇರಿದ ಫಾಸ್ಫೇಟನ್ನು ತೆಗೆಯುವುದಿಲ್ಲ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ (ಟಿಡಿಎಸ್) 1,100 ಇರುವುದರಿಂದ, ತೊಳೆಯಲು ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳಲ್ಲಿ ತಂದ ನೀರನ್ನೂ, ಮುಂದಿನ ಹಂತಕ್ಕೆ ಮನೆಯ ಆರ್‌ಒ ನೀರನ್ನು ಉಳಿದ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್ನಿನ ಮೂಲಕ ಹಾಯಿಸಿದ ನೀರನ್ನೂ ಬಳಸಿದೆ. ಡ್ರಮ್ಮಿನಲ್ಲಿ ಸಮುದ್ರದ ಉಪ್ಪು ಕರಗಿಸಿ, ಸಾಪೇಕ್ಷ ಸಾಂದ್ರತೆಯನ್ನು ಸಮುದ್ರದ ನೀರಿನಂತೆ 1.025ಕ್ಕೆ ತಂದು, ಒಳಗಿನ ಫಾಸ್ಫೇಟ್ ಹೊರಬರಲೆಂದು ಕಲ್ಲುಗಳನ್ನು ಮುಳುಗಿಸಿ, ಹೀಟರಿನಿಂದ 26 ಡಿಗ್ರಿ ಶಾಖ ಕಾಯ್ದು, ಪಾಚಿ ಹುಟ್ಟದಂತೆ ಮುಚ್ಚಳ ಹಾಕಿ ಕತ್ತಲಲ್ಲಿಟ್ಟೆ.

ಒಂದು ವಾರದ ನಂತರ ಫಾಸ್ಫೇಟ್ 0.38 ತೋರಿಸಿತು. ಫಾಸ್ಫೇಟನ್ನು ಹಿಡಿದು ಗಸಿಯಾಗಿಸುವ ಲ್ಯಾಂಥನಂ ಕ್ಲೋರೈಡನ್ನು ನೀರಿನಲ್ಲಿ ತೆಳುಮಾಡಿ, ಪಂಪಿನ ಬಾಯಿಗೆ ಕಟ್ಟಿದ 5 ಮೈಕ್ರಾನ್ ಚೀಲದೊಳಗೆ ಹನಿಹನಿಯಾಗಿ ಬಿಟ್ಟೆ. ಫಾಸ್ಫೇಟ್ ಬಿಳಿ ಗಸಿಯಾಗಿ ಚೀಲದಲ್ಲಿ ನಿಂತು, ಮರುದಿನ ಅಳತೆ 0.04ಕ್ಕೆ ಇಳಿಯಿತು. ಮುಗಿಯಿತೆಂದು ಸಂತೋಷಪಟ್ಟೆ. ಐದನೆಯ ದಿನ ಅದು 0.22 ಆಗಿತ್ತು. ನೀರಿನಲ್ಲಿ ಫಾಸ್ಫೇಟ್ ಕಡಿಮೆಯಾದಾಗಲೆಲ್ಲ ಕಲ್ಲು ತನ್ನೊಳಗಿನದನ್ನು ಬಿಟ್ಟುಕೊಟ್ಟು ಸಮತೋಲ ಹುಡುಕುತ್ತದೆ ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಆ ದಿನವೇ. ಮೊದಲ ತೊಟ್ಟಿಯಲ್ಲಿ ನಾನು ಎಷ್ಟು ನೀರು ಬದಲಿಸಿದರೂ ಪಾಚಿ ಹೋಗದಿದ್ದುದಕ್ಕೂ ಇದೇ ಕಾರಣ. ಮತ್ತೆ ಇಳಿಸಿದೆ, ಮತ್ತೆ ಏರಿತು. ಆದರೆ ಪ್ರತಿ ಸುತ್ತಿನಲ್ಲಿ ಏರಿಕೆ ತಗ್ಗುತ್ತಾ 0.15, 0.10, 0.07ಕ್ಕೆ ಬಂತು. ಮೀನುಗಳಿರುವ ತೊಟ್ಟಿಯಲ್ಲಿ ಈ ಕೆಲಸ ಮಾಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಗಸಿ ಕಿವಿರುಗಳಿಗೆ ತೊಂದರೆ ಕೊಡಬಹುದು.

ಇದೇ ಅವಧಿಯಲ್ಲಿ, ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬಾಟಲಿಯ ಬ್ಯಾಕ್ಟೀರಿಯಾ ಸೇರಿಸಿ, ಅವುಗಳಿಗೆ ಆಹಾರವಾಗಿ ಅಮೋನಿಯಂ ಕ್ಲೋರೈಡಿನಿಂದ ಅಮೋನಿಯಾವನ್ನು 2 ಪಿಪಿಎಂಗೆ ಏರಿಸುತ್ತಾ ಬಂದೆ. ಆರನೆಯ ವಾರದ ವೇಳೆಗೆ ಅಷ್ಟು ಅಮೋನಿಯಾ 24 ಗಂಟೆಗಳಲ್ಲಿ ನೈಟ್ರೇಟ್ ಆಗಿ ಬದಲಾಗುತ್ತಿತ್ತು, ನೈಟ್ರೈಟ್ ಸೊನ್ನೆಯಲ್ಲಿತ್ತು. ಆದರೂ ಫಾಸ್ಫೇಟಿಗಾಗಿ ಕಾದೆ. ಹತ್ತನೆಯ ವಾರದಿಂದ ಹದಿನೈದು ದಿನ ಅದು 0.06ರಲ್ಲಿ ಅಲುಗದೆ ನಿಂತ ಮೇಲೆ ಕಲ್ಲುಗಳನ್ನು ತೊಟ್ಟಿಗೆ ಇಳಿಸಿ, ಒಂದು ವಾರದ ನಂತರ ಐದು ಬಸವನಹುಳುಗಳನ್ನು ಬಿಟ್ಟೆ.